ಅಂಬಲಿ ಕುಡಿದ ಇಂಜಿನ್ನು

ಎತ್ತು ಕಟ್ಟಿ ಎಳೆದು ತಂದ ಟ್ರಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪೀಣ್ಯದ ನನ್ನ ರಿಪೇರಿ ಶೆಡ್ಡಿಗೆ ಕೆಟ್ಟ ಟ್ರಾಕ್ಟರುಗಳು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬರುತ್ತಿದ್ದವು, ಇಲ್ಲವೇ ಕೆಮ್ಮುತ್ತ ಹೊಗೆ ಉಗುಳುತ್ತ ತಾವೇ ಬರುತ್ತಿದ್ದವು. ಇದು ಮಾತ್ರ ಎರಡು ಜೊತೆ ಎತ್ತುಗಳ ಹಿಂದೆ, ತುಮಕೂರು ರಸ್ತೆಯ ಲಾರಿ ಡ್ರೈವರುಗಳಿಗೆಲ್ಲ ತಮಾಷೆಯಾಗಿ, ಮೆರವಣಿಗೆ ಹೊರಟಂತೆ ಬಂತು. ಸ್ಟಿಯರಿಂಗ್ ಹಿಡಿದು ಕೂತಿದ್ದವಳು ಒಬ್ಬ ಹೆಂಗಸು. ನಲವತ್ತರ ಆಸುಪಾಸಿನ ವಯಸ್ಸು, ಸೀರೆಯ ಮೇಲೆ ಗಂಡಸರ ಷರಟು, ತಲೆಗೆ ಟವೆಲು. ಎತ್ತು ಹೊಡೆಯುತ್ತಿದ್ದವನು ಆಕೆಯ ಮೈದುನ. ಅವನ ಮುಖದಲ್ಲಿದ್ದ ಸಂತೋಷ ನೋಡಿದ ಕೂಡಲೇ ನನಗೆ ಅವನನ್ನು ಕಂಡರಾಗದಾಯಿತು. ಕೆಟ್ಟ ಗಾಡಿಯ ಜೊತೆ ನಗುತ್ತ ಬರುವವರನ್ನು ನಾನು ನಂಬುವವನಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಪೀಣ್ಯದಲ್ಲಿ ಎದ್ದ ಶೆಡ್ಡುಗಳು ಸಾಲದೆ ಮಾದನಾಯಕನಹಳ್ಳಿಯ ಕಡೆಗೂ ಜನ ರಸ್ತೆಬದಿಯ ಜಮೀನು ಕೇಳಿಕೊಂಡು ಓಡಾಡುತ್ತಿದ್ದರು. ಆಕೆಯ ಊರು ಅಲ್ಲಿಯೇ. ಗಂಡ ಕೆಲವು ವರ್ಷಗಳ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ಬದುಕಿದ್ದಾಗ ಯಾವುದೋ ತೋಟದವರಿಂದ ಈ ಹಳೆಯ ಟ್ರಾಕ್ಟರನ್ನು ತಂದು, ತಾನು ಬಿತ್ತುವಾಗ ಓಡಿಸುವುದಕ್ಕೆ ಒಬ್ಬರು ಬೇಕೆಂದು ಹೆಂಡತಿಗೇ ಕಲಿಸಿದ್ದ. ಹೊಲ ಇನ್ನೂ ಸತ್ತ ಮಾವನ ಹೆಸರಿನಲ್ಲಿಯೇ ಇತ್ತು, ಪಾಲಾಗಿರಲಿಲ್ಲ. ಗಂಡ ಉಳುತ್ತಿದ್ದ ಭಾಗದ ಒಂದು ಅಂಚಿಗೆ ರಸ್ತೆ, ಇನ್ನೊಂದು ಅಂಚಿಗೆ ಮೈದುನನ ಬದು. ಈ ಮುಂಗಾರಿನ ತೇವ ಆರುವುದರೊಳಗೆ ಆಕೆ ತಾನೇ ಉತ್ತರೆ ಅದು ಆಕೆಯದು, ಇಲ್ಲವಾದರೆ ತಾನು ಉತ್ತು ತನ್ನದು ಮಾಡಿಕೊಳ್ಳುವುದಾಗಿ ಮೈದುನ ಊರ ಹಿರಿಯರ ಮುಂದೆ ಹೇಳಿದ್ದ. ಹಿರಿಯರು ಒಪ್ಪಿ ತಲೆಯಾಡಿಸಿದ್ದರು. ಅವನನ್ನು ಎದುರು ಹಾಕಿಕೊಂಡು ಆಕೆಗೆ ಎತ್ತು ಕೊಡುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಎರಡು ಸುತ್ತು ಉಳುವುದರೊಳಗೆ ಟ್ರಾಕ್ಟರು ಕುದಿದು ನಿಂತಿತ್ತು. ಆಗ ಎತ್ತು ಕೊಡಲು ಮುಂದೆ ಬಂದವನು ಮೈದುನನೇ. ಉಳುವುದಕ್ಕಲ್ಲ, ಎಳೆದು ತರುವುದಕ್ಕೆ.

"ಮಳೆ ಬಿದ್ದೈತಣ್ಣ," ಎಂದಳು ಆಕೆ, ಅವನು ಎತ್ತು ಬಿಚ್ಚಿಕೊಂಡು ಹೋದ ಮೇಲೆ. "ಈ ತೇವ ಆರೋದ್ರೊಳಗೆ ನಾನು ಉಳ್ಬೇಕು."

ಇಂಜಿನ್ ಬಿಸಿಯಾಗುವುದು ಜ್ವರವಿದ್ದ ಹಾಗೆ, ಅದೇ ರೋಗವಲ್ಲ. ನನ್ನದೊಂದು ಹಟ: ಯಾರು ಏನು ಹೇಳಿದರೂ ಕೇಳಿಸಿಕೊಂಡು ಪಕ್ಕಕ್ಕಿಟ್ಟು, ಹೊರಗಿನಿಂದ ಒಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯುವುದು. ಮೊದಲು ರೇಡಿಯೇಟರಿನ ಹೊರಮೈ ನೋಡಿದೆ. ಹೊಟ್ಟು, ಧೂಳು, ಎಣ್ಣೆ ಸೇರಿ ಜಾಲರಿಯ ಕಿಂಡಿಗಳು ಮುಚ್ಚಿಹೋಗಿದ್ದವು. ಹಿಂದಿನಿಂದ ಗಾಳಿ ಹೊಡೆದು ತೊಳೆದೆ. ಫ್ಯಾನಿನ ಬೆಲ್ಟು ಹೆಬ್ಬೆರಳಿಗೆ ಸರಿಯಾಗಿಯೇ ಬಗ್ಗಿತು. ಫ್ಯಾನನ್ನು ಯಾರಾದರೂ ತಿರುಗಾಮುರುಗಾ ಹಾಕಿದ್ದಾರೆಯೇ ಎಂದು ನೋಡಿದೆ, ಹಾಕಿರಲಿಲ್ಲ. ನೀರು ಕಾದಾಗ ಬಾಯಿ ತೆರೆದು ದಾರಿ ಬಿಡುವ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ ಇತ್ತು. ಗಾಡಿ ಬಿಸಿಯಾದರೆ ಮೊದಲು ಅದನ್ನು ಕಿತ್ತು ಬಿಸಾಡುವುದು ನಮ್ಮ ಮೆಕ್ಯಾನಿಕ್ಕುಗಳು ಹೊತ್ತ ಹರಕೆ. ಬೇರೊಂದನ್ನು ತಂದು, ಪಕ್ಕದ ಹೋಟೆಲಿನ ಪಾತ್ರೆಯಲ್ಲಿ ಕುದಿಯುವ ನೀರಿಗೆ ದಾರದಲ್ಲಿ ಇಳಿಬಿಟ್ಟು, ಅದು ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಿ ಹಾಕಿದೆ.

ಆಮೇಲೆ ರೇಡಿಯೇಟರನ್ನೇ ಇಳಿಸಿ ಎದುರಿನ ಶೆಡ್ಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಸಾಬರಿಗೆ ರೇಡಿಯೇಟರ್ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಚಪ್ಪಟೆ ಪಟ್ಟಿ ತೂರಿಸಿ ಒಂದೊಂದೇ ಕೊಳವೆ ತಿವಿದರು. ಕಂದು ಬಣ್ಣದ ಗಸಿ ಇಳಿಯಿತು. ಸಾಬರು ಅದನ್ನು ಬೆರಳಿನಲ್ಲಿ ಉಜ್ಜಿ, "ಇದು ಕೆರೆ ಮಣ್ಣಲ್ಲ ಗುರು, ಅಂಟು ಐತೆ," ಎಂದರು. ತುಕ್ಕಿಗೆ ಎಣ್ಣೆ ಸೇರಿದರೆ ಅಂಟಾಗುತ್ತದೆ ಎಂದುಕೊಂಡು ನಾನು ಮುಂದಿನ ಕೆಲಸಕ್ಕೆ ತಿರುಗಿದೆ.

ಎಲ್ಲ ಕೂಡಿಸಿ ಇಂಜಿನ್ ಚಾಲೂ ಮಾಡಿದರೆ ಕಾವು ತೋರಿಸುವ ಮುಳ್ಳು ಮೇಲೇರಲಿಲ್ಲ. ಆಕೆಯ ಮುಖ ಅರಳಿತು, ನನ್ನದು ಅರಳಲಿಲ್ಲ. ನಿಂತ ಇಂಜಿನ್ನು ಕೂತು ಮಾತಾಡುವ ಶೂರನ ಹಾಗೆ, ಭಾರ ಬಿದ್ದಾಗಲೇ ಅದರ ಬಂಡವಾಳ ಗೊತ್ತಾಗುವುದು. ಲೇತ್ ಯಂತ್ರಗಳಿಂದ ಬಿದ್ದ ಕಬ್ಬಿಣದ ಸುರುಳಿ ತುಂಬಿದ ಟ್ರೈಲರೊಂದನ್ನು ಪಕ್ಕದ ಕಾರ್ಖಾನೆಯಿಂದ ಕೇಳಿ ತಂದು ಕಟ್ಟಿ, ಆಕೆಯ ಕೈಯಲ್ಲೇ ರಸ್ತೆಯ ಏರು ಹತ್ತಿಸಿದೆ. ಏರು ಮುಗಿಯುವ ಮೊದಲೇ ಮುಳ್ಳು ಕೆಂಪಿಗೆ ಬಂತು. ರೇಡಿಯೇಟರಿನ ಮುಚ್ಚಳದಿಂದ ಆವಿ ಭುಸುಗುಟ್ಟಿತು. ಅಷ್ಟೂ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಮಾರನೆಯ ದಿನ ಒಳಕ್ಕೆ ಇಳಿದೆ. ವಾಟರ್ ಪಂಪು ಬಿಚ್ಚಿದೆ. ರೆಕ್ಕೆ ಸವೆದಿರಲಿಲ್ಲ, ಶಾಫ್ಟಿನ ಮೇಲೆ ಜಾರುತ್ತಲೂ ಇರಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದು, ತಣ್ಣಗಿರುವಾಗಲೇ ಇಂಜಿನ್ ಹಚ್ಚಿ, ನೀರಿನಲ್ಲಿ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತ ನಿಂತೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಗುಳ್ಳೆ ಬರಬೇಕು. ಒಂದೂ ಬರಲಿಲ್ಲ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕಪ್ಪಗೆ, ಶುದ್ಧವಾಗಿತ್ತು. ನೀರು ಸೇರಿದ್ದರೆ ಬೆಳ್ಳಗೆ ಒಡೆದಿರುತ್ತಿತ್ತು. ಡೀಸೆಲ್ ತಡವಾಗಿ ಚಿಮ್ಮಿದರೂ ಇಂಜಿನ್ ಕಾಯುತ್ತದೆ, ಅದನ್ನೂ ಗುರುತಿಗೆ ಹೊಂದಿಸಿ ನೋಡಿದೆ. ಎಲ್ಲವೂ ಸರಿ ಇತ್ತು. ಎಲ್ಲವೂ ಸರಿ ಇದ್ದು ಗಾಡಿ ಮಾತ್ರ ಸರಿ ಇಲ್ಲದಿರುವಷ್ಟು ಸಿಟ್ಟು ತರಿಸುವ ಸಂಗತಿ ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಹೊರಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಆಕೆ ಬಾಗಿಲಲ್ಲಿ ನಿಂತು ಆ ಬಿಸಿಲನ್ನೇ ನೋಡುತ್ತಿದ್ದಳು.

ಮತ್ತೆ ಏರು ಹತ್ತಿಸಿ, ಕುದಿಯಲು ಬಿಟ್ಟು, ಇಳಿದು ಕೈಗೆ ನೀರು ತೆಗೆದುಕೊಂಡು ಇಂಜಿನ್ನಿನ ಪಕ್ಕೆಗೆ ಚಿಮುಕಿಸುತ್ತ ಬಂದೆ. ಮುಂದಿನ ಮೂರು ಸಿಲಿಂಡರುಗಳ ಬಳಿ ಹನಿ ಸುಮ್ಮನೆ ಜಾರಿತು. ಕೊನೆಯದರ ಬಳಿ ಚುರ್ ಎಂದು ಹಾರಿಹೋಯಿತು. ದೋಸೆಯ ಕಾವಲಿ ಕಾದಿದೆಯೇ ಎಂದು ಮನೆಯಲ್ಲಿ ನೋಡುವುದೂ ಹೀಗೆಯೇ. ಪಂಪು ಇರುವುದು ಮುಂದುಗಡೆ. ನೀರು ಕೊನೆಗೆ ತಲುಪಬೇಕಾದ ಸಿಲಿಂಡರಿಗೆ ಅದು ತಲುಪುತ್ತಲೇ ಇರಲಿಲ್ಲ.

ಇಂಜಿನ್ ಬ್ಲಾಕಿನ ಪಕ್ಕೆಯಲ್ಲಿ ಬಿಲ್ಲೆಯಂಥ ಮುಚ್ಚಳಗಳಿರುತ್ತವೆ. ಅವುಗಳ ಹಿಂದೆ ಸಿಲಿಂಡರಿನ ಸುತ್ತ ನೀರು ಹರಿಯುವ ಓಣಿ. ಕೊನೆಯ ಬಿಲ್ಲೆಯನ್ನು ಉಳಿಯಿಂದ ಹೊಡೆದು ಎಬ್ಬಿಸಿದೆ. ನೀರು ಬರಲಿಲ್ಲ. ಅದರ ಬದಲು ಕಂದು ಬಣ್ಣದ ಒಂದು ಗೋಡೆ ಕಂಡಿತು. ಸ್ಕ್ರೂಡ್ರೈವರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದೆ. ತುಕ್ಕಿನ ವಾಸನೆಯಲ್ಲ. ಮಡಕೆಯ ತಳ ಹಿಡಿದ ರಾಗಿ ಅಂಬಲಿಯ ವಾಸನೆ. ಹುಟ್ಟಿದಾಗಿನಿಂದ ಗೊತ್ತಿದ್ದ ಆ ವಾಸನೆ ಇಂಜಿನ್ನಿನೊಳಗಿನಿಂದ ಬಂದಾಗ ನನಗೆ ಒಂದು ಕ್ಷಣ ತಲೆಯೇ ಓಡಲಿಲ್ಲ.

ಆಕೆಯನ್ನು ಕರೆದು ತೋರಿಸಿದೆ. ಆಕೆ ಮುಚ್ಚಿಡಲಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂಬುದೂ ಆಕೆಗೆ ಗೊತ್ತಾಗಲಿಲ್ಲ.

"ಒಸ ಮಡಕೆ ತಂದ್ರೆ ಮೊದ್ಲು ಏನ್ಮಾಡ್ತೀರ? ಅಂಬ್ಲಿ ಕಾಯ್ಸಿ ಪಳಗಿಸಲ್ವಾ? ಇಲ್ದಿದ್ರೆ ಮಡಕೆ ನೀರು ಕುಡೀತದೆ. ಇದೂ ಕುಡೀತಿತ್ತು. ಪಳಗಿಸ್ದೆ."

ಬಿಡಿಸಿ ಬಿಡಿಸಿ ಕೇಳಿದೆ. ಗಂಡ ಸತ್ತ ಮೇಲಿನ ಮೊದಲ ಮುಂಗಾರಿನಲ್ಲಿ ರೇಡಿಯೇಟರಿನ ನೀರು ಇಳಿಯತೊಡಗಿತಂತೆ. ಹೊರಗೆಲ್ಲೂ ಒಂದು ತೊಟ್ಟು ಸೋರುತ್ತಿರಲಿಲ್ಲ. ಕಡ್ಡಿ ಎಳೆದರೆ ಎಣ್ಣೆ ಮಜ್ಜಿಗೆಯ ಹಾಗೆ ಕಾಣುತ್ತಿತ್ತಂತೆ. ಆಗ ತೆಳ್ಳಗೆ ಅಂಬಲಿ ಕಾಯಿಸಿ ರೇಡಿಯೇಟರಿಗೆ ಹೊಯ್ದಿದ್ದಾಳೆ. ನೀರು ಇಳಿಯುವುದು ನಿಂತಿತು. ಎಣ್ಣೆ ಬದಲಾಯಿಸಿದ ಮೇಲೆ ಅದೂ ಕಪ್ಪಗೇ ಉಳಿಯಿತು. ಗುಣ ಕಂಡ ಮದ್ದನ್ನು ಯಾರು ಬಿಡುತ್ತಾರೆ? ಪ್ರತಿ ಹಂಗಾಮಿನಲ್ಲೂ ಒಂದು ಚೆಂಬು ಕುಡಿಸಿದ್ದಾಳೆ.

ನನಗೆ ನಗು ಬರಲಿಲ್ಲ. ಎಣ್ಣೆ ಶುದ್ಧವಾಗಿದೆ ಎಂದು ನಾನು ದಾಟಿ ಬಂದಿದ್ದ ಮೆಟ್ಟಿಲು ಈಗ ಕಾಲ ಕೆಳಗೆ ಕುಸಿಯಿತು. ನೀರು ಎಣ್ಣೆಗೆ ಇಳಿಯುತ್ತಿತ್ತು ಎಂದರೆ ಒಳಗೆಲ್ಲೋ ಕಬ್ಬಿಣ ಬಿರುಕು ಬಿಟ್ಟಿದೆ. ಆ ಬಿರುಕನ್ನು ಮುಚ್ಚಿ ಹಿಡಿದಿರುವುದು ಈ ಅಂಬಲಿ. ಇಂಜಿನ್ನನ್ನು ಬೇಯಿಸುತ್ತಿರುವುದೂ ಇದೇ ಅಂಬಲಿ. ಬಿಟ್ಟರೆ ಬೇಯುತ್ತದೆ, ತೆಗೆದರೆ ಸೋರುತ್ತದೆ. ಅತ್ತ ದರಿ, ಇತ್ತ ಪುಲಿ.

ಇದನ್ನು ಆಕೆಗೆ ಹಾಗೆಯೇ ಹೇಳಿದೆ. ಹೀಗೆಯೇ ಬಿಟ್ಟರೆ ಉಳುಮೆಯ ಭಾರಕ್ಕೆ ಕೊನೆಯ ಸಿಲಿಂಡರು ಹಿಡಿದುಕೊಂಡು ಇಂಜಿನ್ ಸಾಯುವುದು ಖಂಡಿತ. ತೆಗೆದು ನೋಡಿದರೆ ಬಿರುಕು ಕೈಗೆಟಕುವ ಜಾಗದಲ್ಲಿರಬಹುದು, ಬಿರುಕಿನ ಉದ್ದಕ್ಕೂ ತೂತು ಕೊರೆದು ಮೊಳೆ ಹೊಲಿದು ಸರಿಮಾಡಲು ಆಗಬಹುದು. ಇಲ್ಲವಾದರೆ ಅಲ್ಲಿಗೆ ಮುಗಿಯಿತು. ಆಕೆ ಟವೆಲು ಬಿಚ್ಚಿ ಮುಖ ಒರೆಸಿಕೊಂಡು, ತೆಗೆದು ನೋಡಿ ಎಂದಳು.

ಪಕ್ಕದ ಪ್ಲೇಟಿಂಗ್ ಶೆಡ್ಡಿನಿಂದ ಕಾಸ್ಟಿಕ್ ಸೋಡಾ ತಂದು, ಬಿಸಿನೀರಿನಲ್ಲಿ ಕದಡಿ ಓಣಿಗೆ ತುಂಬಿ ನೆನೆಯಲು ಬಿಟ್ಟೆ. ಕಟ್ಟಿದ್ದು ಮೆತ್ತಗಾದಂತೆ ತಂತಿ ತೂರಿಸಿ ಎಳೆದೆ. ಸೀದ ಚಕ್ಕೆಗಳು ಹಪ್ಪಳದ ಹಾಗೆ ಎದ್ದು ಬಂದವು. ತೊಳೆದ ನೀರು ತಿಳಿಯಾಗುವವರೆಗೆ ತೊಳೆದೆ. ಆಮೇಲೆ ಅಡಿಯ ಎಣ್ಣೆ ತೊಟ್ಟಿ ಇಳಿಸಿ, ನೀರಿನ ದಾರಿಗಳಿಗೆಲ್ಲ ಮರದ ಬೆಣೆ ಬಡಿದು, ಓಣಿಗೆ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿದೆ. ಕೆಳಗೆ ಮಲಗಿ ಕಾದೆ. ಮೊದಲ ಹನಿ ನನ್ನ ಹಣೆಯ ಮೇಲೆಯೇ ಬಿತ್ತು.

ಆ ಜಾಗ ಒಣಗಿಸಿ, ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದೆ. ಬಿಳಿಯ ಮೇಲೆ ತೇವದ ಎಳೆಯೊಂದು ನಿಧಾನವಾಗಿ ಮೂಡಿತು. ಕೊನೆಯ ಸಿಲಿಂಡರಿನ ಕೆಳ ಅಂಚಿನಿಂದ ಹೊರಟು ಮುಖ್ಯ ಬೇರಿಂಗ್ ಕೂತಿದ್ದ ಗೋಡೆಯವರೆಗೆ ಹೋಗಿತ್ತು. ಬೇರೆಲ್ಲಿ ಇದ್ದರೂ ನಾನು ಏನಾದರೂ ಮಾಡುತ್ತಿದ್ದೆ. ಅಲ್ಲಿ ಮೊಳೆ ಹೊಲಿಯಲು ಜಾಗವಿಲ್ಲ. ವೆಲ್ಡಿಂಗ್ ಕಾವು ತಾಗಿದರೆ ಬೇರಿಂಗುಗಳ ಸಾಲೇ ಸೊಟ್ಟಗಾಗುತ್ತದೆ. ಬೇರೆ ಬ್ಲಾಕ್ ಬೇಕು. ಆ ಟ್ರಾಕ್ಟರು ಹೊರದೇಶದ್ದು. ಬಿಡಿಭಾಗ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೂ ಹಳೆ ಕಬ್ಬಿಣದ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಕಡೆ ಅದೇ ಬ್ಲಾಕು ಸಿಕ್ಕಿತು. ತಿರುಗಿಸಿ ನೋಡಿದರೆ ಪಕ್ಕೆಯಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ತೂತು.

ನಾನು ಬರಿಗೈಯಲ್ಲಿ ಹಿಂತಿರುಗುವಾಗ ಮೈದುನ ಎತ್ತುಗಳ ಜೊತೆ ಶೆಡ್ಡಿನ ಮುಂದೆ ನಿಂತಿದ್ದ. ಸಾಬರಿಂದ ಸುದ್ದಿ ತಿಳಿದುಕೊಂಡಿದ್ದ. ಹೊಲದ ಮೇಲುಮಣ್ಣು ಬೆಳ್ಳಗಾಗುತ್ತಿದೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಗಾಡಿಯನ್ನು ಊರಿಗೆ ಎಳೆದುಕೊಂಡು ಹೋಗುತ್ತೇನೆ ಎಂದ. ಆಕೆಗಲ್ಲ, ನನಗೆ ಹೇಳಿದ. ಹಗ್ಗ ಬಿಚ್ಚುತ್ತ, ಧರ್ಮ ಹೇಳುವವನ ಹಾಗೆ, "ಉಳುವವ್ನೇ ಒಡೆಯ ಅಂತ ಸರ್ಕಾರ್ವೇ ಏಳ್ಬುಟ್ಟೈತೆ ಮೇಸ್ತ್ರಿ. ನಂದೇನೈತೆ ಇದ್ರಲ್ಲಿ?" ಎಂದೂ ಸೇರಿಸಿದ. ಗೇಣಿದಾರರಿಗಾಗಿ ಹುಟ್ಟಿದ ಮಾತು ಅತ್ತಿಗೆಯ ಹೊಲಕ್ಕೆ ನುಗ್ಗಲು ಅವನಿಗೆ ಬೇಲಿಯ ಕಿಂಡಿಯಾಗಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಇಟ್ಟುಬಿಟ್ಟೆ, ಹಿಡಿದುಕೊಂಡಿರುವುದು ಒಳ್ಳೆಯದಲ್ಲ ಎನ್ನಿಸಿತು.

ಆಕೆ ನೆಲ ನೋಡುತ್ತ ಕೂತಿದ್ದವಳು ಎದ್ದಳು. "ಎತ್ತು ಒಡ್ಕೊಂಡೋಗಪ್ಪ," ಎಂದಳು ಅವನಿಗೆ. "ಬಂದಂಗೆ ಓಗಲ್ಲ ನಾನು."

ಅವನು ಹೋದ ಮೇಲೆ, ಇನ್ನೊಂದು ಸಲ ಅಂಬಲಿ ಕುಡಿಸಿದರೆ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದಳು. ಖಾಲಿ ಓಡಿಸಿದರೆ ಊರು ಸೇರಬಹುದು, ಭಾರ ಕಟ್ಟಿದರೆ ಇಲ್ಲ ಎಂದೆ. ಆಕೆ ತಲೆಯಾಡಿಸಿದಳು. ಊರಿನವರ ಕಣ್ಣ ಮುಂದೆ ಎತ್ತಿನ ಹಿಂದೆ ಹೋಗಲಾರಳು, ಓಡಿಸಿಕೊಂಡೇ ಮನೆ ಸೇರಬೇಕು, ಅಷ್ಟೇ ಎಂದುಕೊಂಡೆ ನಾನು. ಅಷ್ಟಾದರೂ ಆಗಲಿ ಎನ್ನಿಸಿತು.

ಇಂಜಿನ್ ಕೂಡಿಸಿ ಎಣ್ಣೆ ತುಂಬಿದೆ. ನನ್ನ ಬ್ಲೋಲ್ಯಾಂಪಿನ ಉರಿಯಲ್ಲಿ ಆಕೆ ಅಂಬಲಿ ಕಾಯಿಸಿದಳು. ಉಪ್ಪು ಮಾತ್ರ ಹಾಕಬೇಡಿ ಅಕ್ಕ, ಕಬ್ಬಿಣಕ್ಕೆ ಆಗುವುದಿಲ್ಲ ಎಂದಾಗ, ಆ ಶೆಡ್ಡಿಗೆ ಬಂದ ಮೇಲೆ ಒಂದೇ ಒಂದು ಸಲ ಆಕೆ ನಕ್ಕಳು. ಸಾಬರು ತಮ್ಮ ಹೆಗಲ ವಸ್ತ್ರವನ್ನೇ ಸೋಸಲು ಕೊಟ್ಟರು. ಇಂಜಿನ್ ಮೆಲ್ಲಗೆ ಓಡಿಸುತ್ತ, ರೇಡಿಯೇಟರಿಗೆ ಸ್ವಲ್ಪ ಸ್ವಲ್ಪವಾಗಿ ಹೊಯ್ದೆವು. ಸಂಜೆಯವರೆಗೆ ನೀರಿನ ಮಟ್ಟ ನೋಡುತ್ತ ಕೂತೆವು. ಮೊದಲು ಇಳಿಯಿತು, ಆಮೇಲೆ ನಿಧಾನವಾಯಿತು, ಕೊನೆಗೆ ನಿಂತಿತು. ಮೆಕ್ಯಾನಿಕ್ಕಾಗಿ ನಾನು ಮಾಡಿದ ಕೆಲಸಗಳಲ್ಲಿ ಅದರಷ್ಟು ನಂಬಿಕೆಯಿಲ್ಲದೆ ಮಾಡಿದ ಕೆಲಸ ಬೇರೆ ಇಲ್ಲ.

ಬೆಳಿಗ್ಗೆ ಹೊರಟೆವು. ನೀರಿನ ಡಬ್ಬಗಳನ್ನು ಕಾಲಿನ ಹತ್ತಿರ ಇಟ್ಟುಕೊಂಡು ನಾನು ಮಡ್‌ಗಾರ್ಡಿನ ಮೇಲೆ ಕೂತೆ. ಆಕೆ ಅವಸರವಿಲ್ಲದೆ ಓಡಿಸಿದಳು. ಮುಳ್ಳು ಅರ್ಧಕ್ಕೆ ಬಂದು ಅಲ್ಲಿಯೇ ನಿಂತಿತ್ತು. ಊರಿನ ತಿರುವು ಬಂದಾಗ ಆಕೆ ತಿರುಗಿಸಲಿಲ್ಲ. ಮುಂದೆ ಹೋಗಿ ರಸ್ತೆಯಿಂದ ನೇರವಾಗಿ ಹೊಲಕ್ಕೆ ಇಳಿಸಿದಳು. ಟ್ರಾಕ್ಟರು ಕೆಟ್ಟು ನಿಂತ ದಿನ ಬಿಚ್ಚಿಟ್ಟ ಕಬ್ಬಿಣದ ನೇಗಿಲು ಅಲ್ಲಿಯೇ ಬಿದ್ದಿತ್ತು. ಹಿಮ್ಮುಖವಾಗಿ ಅದರ ಹತ್ತಿರ ಬಂದು ನಿಲ್ಲಿಸಿ, ನನ್ನ ಕಡೆ ನೋಡಿದಳು.

ನಾನು ಇಳಿದೆ. ಇದು ಸಾಯುತ್ತದೆ ಅಕ್ಕ ಎಂದೆ.

"ಮನೆ ಮುಂದೆ ನಿಂತ್ಕೊಂಡು ಸಾಯೋದು ಬ್ಯಾಡ," ಎಂದಳು. "ಉಳ್ತಾನೇ ಸಾಯ್ಲಿ."

ನೇಗಿಲಿನ ಪಿನ್ನು ಹಾಕಿದವನು ನಾನೇ. ಮತ್ತೆ ಹತ್ತಿ ಕೂತೆ. ಇಂಜಿನ್ ನಿಲ್ಲಿಸುವ ಗುಂಡಿ ನನ್ನ ಕೈಗೆ ಎಟಕುವಂತಿತ್ತು. ಒಂದು ಇಂಜಿನ್ನನ್ನು ಉಳಿಸಬೇಕಾದವನು ಅದನ್ನು ಎಳೆಯಬೇಕಿತ್ತು. ಉಳಿಸುವುದಕ್ಕೆ ಅಲ್ಲಿ ಇಂಜಿನ್ನೇ ಇರಲಿಲ್ಲ. ಆಕೆ ಮೈದುನನ ಬದುವಿನ ಕಡೆಯಿಂದ ಶುರು ಮಾಡಿದಳು. ಅವನು ನುಗ್ಗುವುದು ಅತ್ತಲಿಂದಲೇ, ಮೊದಲು ಆ ಬಾಗಿಲು ಮುಚ್ಚಬೇಕು ಎಂಬುದು ಆಕೆಯ ಲೆಕ್ಕ. ಮಣ್ಣು ಮೇಲೆ ಒಣಗಿದ್ದರೂ ಒಳಗೆ ಇನ್ನೂ ಕಪ್ಪಗೆ ತೇವವಾಗಿತ್ತು. ಒಂದೊಂದು ಸಾಲಿನ ಕೊನೆಯಲ್ಲೂ ನಿಂತು ನಾನು ನೀರು ಹೊಯ್ಯುತ್ತಿದ್ದೆ. ಸಾಲು ಸಾಲಿಗೆ ಮುಳ್ಳು ಏರುತ್ತಿತ್ತು. ಊರಿನ ಜನ ಒಬ್ಬೊಬ್ಬರಾಗಿ ರಸ್ತೆಬದಿಗೆ ಬಂದು ನಿಂತರು. ಅವರ ನಡುವೆ ಮೈದುನನೂ ಇದ್ದ.

ಹೊಲದ ಅರ್ಧ ಇನ್ನೂ ಮುಗಿದಿರಲಿಲ್ಲ. ಇಂಜಿನ್ನಿನ ದನಿ ಬಿಗಿಯಾಯಿತು. ಸೀದ ರಾಗಿಯ ವಾಸನೆ ಬಂತು, ಅದರ ಹಿಂದೆಯೇ ಸುಟ್ಟ ಎಣ್ಣೆಯ ವಾಸನೆ. ಒಂದು ಏಟಿಗೆ ಗಾಡಿ ಕುಲುಕಿ ನಿಂತುಬಿಟ್ಟಿತು. ಆಕೆ ಕೈಗಳನ್ನು ಸ್ಟಿಯರಿಂಗಿನ ಮೇಲೆಯೇ ಇಟ್ಟುಕೊಂಡು ಕೂತಿದ್ದಳು. ನಾನು ಮುಖ ತಿರುಗಿಸಿಕೊಂಡು ಖಾಲಿ ಡಬ್ಬಗಳನ್ನು ಎಣಿಸಿಡುವವನ ಹಾಗೆ ನಟಿಸಿದೆ.

ಮೈದುನ ಬದುವಿನ ಕಡೆಯಿಂದ ಬರಲಿಲ್ಲ. ಆ ಮಧ್ಯಾಹ್ನವೇ ಎತ್ತು ಹೂಡಿಕೊಂಡು ರಸ್ತೆಯ ಕಡೆಯಿಂದ ಬಂದ. ಟ್ರಾಕ್ಟರಿನ ಚಕ್ರದವರೆಗೆ ಉಳಿದಿದ್ದನ್ನೆಲ್ಲ ಉತ್ತು ಮುಗಿಸಿದ. ಯಾರು ಎಷ್ಟು ಉತ್ತರೋ ಅಷ್ಟು ಅವರದು ಎಂದರು ಹಿರಿಯರು. ಟ್ರಾಕ್ಟರು ನಿಂತ ಜಾಗವೇ ಗಡಿಯಾಯಿತು.

ರಾಗಿ ಕೊಯ್ಲಿನ ಕಾಲಕ್ಕೆ ನಾನು ಅಲ್ಲಿಗೆ ಹೋದೆ. ಇಂಜಿನ್ ಹೋದರೂ ಗೇರ್‌ಬಾಕ್ಸು, ಹಿಂದಿನ ಚಕ್ರಗಳು ಗಟ್ಟಿಯಾಗಿದ್ದವು. ಅವುಗಳನ್ನು ಕೇಳುವವನೊಬ್ಬ ಸಿಕ್ಕಿದ್ದ. ಮೈದುನ ಉತ್ತುಕೊಂಡ ರಸ್ತೆಬದಿಯ ತುಂಡಿನಲ್ಲಿ ಯಾವುದೋ ಶೆಡ್ಡಿಗೆ ಕಾಂಪೌಂಡ್ ಗೋಡೆ ಎದ್ದಿತ್ತು, ಇಟ್ಟಿಗೆಗೆ ಇನ್ನೂ ಗಾರೆ ಬಿದ್ದಿರಲಿಲ್ಲ. ಒಳಗೆ ಹೋಗಲು ದಾರಿ ಕಾಣದೆ ಸೈಕಲನ್ನು ರಸ್ತೆಯಲ್ಲೇ ಬಿಟ್ಟು, ಗೋಡೆಯನ್ನು ಸುತ್ತಿ, ಅವರಿವರ ಬದುಗಳ ಮೇಲೆ ನಡೆದು ಹಿಂದಿನಿಂದ ಹೊಲ ಸೇರಿದೆ. ಆಕೆ ಒಬ್ಬಳೇ ಬಗ್ಗಿ ತೆನೆ ಕೊಯ್ಯುತ್ತಿದ್ದಳು. ಗೋಡೆಯ ಬುಡದಲ್ಲಿ ಟ್ರಾಕ್ಟರು ಹಾಗೆಯೇ ನಿಂತಿತ್ತು. ಚಕ್ರದ ತನಕವೂ ರಾಗಿ ಬಿತ್ತಿದ್ದಳು.

ಬಂದ ಕಾರಣ ಹೇಳಿದೆ. ಕೇಳುವವನು ಒಳ್ಳೆಯವನು, ನಾಳೆಯೇ ಲಾರಿ ತಂದು ಹೊತ್ತುಕೊಂಡು ಹೋಗುತ್ತಾನೆ ಎಂದೆ. ಆಕೆ ಕುಡುಗೋಲು ಹಿಡಿದೇ ಸೊಂಟ ನೆಟ್ಟಗೆ ಮಾಡಿಕೊಂಡು, ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಒತ್ಕೊಂಡೋಗ್ಲಿ ಅಣ್ಣ," ಎಂದಳು. "ದಾರಿ ಎಲ್ಲೈತೆ?"